ಎಲಿಜಬೆತ್ ರಾಣಿಯ ಕಾಲದಲ್ಲಿ ನಮ್ಮ ಸೀಮೆಯ ಜನಜೀವನ

ಇಂಗ್ಲೆಂಡನ್ನು ಮೊದಲನೆಯ ಎಲಿಜಬೆತ್ ರಾಣಿ ಆಳಿದ್ದು 1558ರಿಂದ 1603ರವರೆಗೆ. ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಾಸ ಮಾಡುವ ನಮ್ಮ ವಿದ್ಯಾರ್ಥಿಗಳು ಈ ನಲವತ್ತೈದು ವರ್ಷಗಳ ಬಗ್ಗೆ ಸಾಕಷ್ಟು ತಿಳಿದಿರುತ್ತಾರೆ. ಶೇಕ್ಸ್‌ಪಿಯರನ ನಾಟಕಗಳನ್ನು ಜನ ನಿಂತು ನೋಡುತ್ತಿದ್ದುದು, ಲಂಡನ್ ನಗರವನ್ನು ಪ್ಲೇಗು ಮತ್ತೆ ಮತ್ತೆ ಪೀಡಿಸಿದ್ದು, ಸಿರಿವಂತರು ಕೊರಳಿಗೆ ಗಂಜಿ ಹಾಕಿದ ಮಡಿಕೆಪಟ್ಟಿಗಳನ್ನು ಸುತ್ತಿಕೊಳ್ಳುತ್ತಿದ್ದುದು ಅವರಿಗೆ ಪರಿಚಿತ. ಆದರೆ ಅದೇ ನಲವತ್ತೈದು ವರ್ಷಗಳಲ್ಲಿ ಯಲವಿಗಿ, ಸವಣೂರು, ಬಂಕಾಪುರ, ಹಾನಗಲ್ಲುಗಳ ಸುತ್ತಣ ಜನ ಏನನ್ನು ಉಣ್ಣುತ್ತಿದ್ದರು, ಯಾವ ದಾರಿಯಲ್ಲಿ ನಡೆಯುತ್ತಿದ್ದರು, ಯಾವ ನಾಣ್ಯದಲ್ಲಿ ಸಂತೆ ಮಾಡುತ್ತಿದ್ದರು ಎಂದು ಕೇಳಿದರೆ ಹೆಚ್ಚಿನವರು ಮೌನವಾಗುತ್ತಾರೆ. ನಮ್ಮ ಪಠ್ಯಪುಸ್ತಕಗಳು 1565ರ ರಕ್ಕಸ-ತಂಗಡಿ ಯುದ್ಧಕ್ಕೆ ಬಂದು ನಿಲ್ಲುತ್ತವೆ. ಅಲ್ಲಿಂದ ಮುಂದಿನ ಅರ್ಧ ಶತಮಾನವು ಕತ್ತಲೆಯ ಕಾಲವೆಂಬ ಭಾವನೆ ಓದುಗರಲ್ಲಿ ಉಳಿದುಬಿಡುತ್ತದೆ. ಆ ಕತ್ತಲೆ ಎಷ್ಟು ನಿಜ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಇಂಗ್ಲೆಂಡಿನ ಸಾಮಾನ್ಯ ಜನರ ಬದುಕು ನಮಗೆ ಇಷ್ಟು ವಿವರವಾಗಿ ತಿಳಿದಿರುವುದೇಕೆ ಎಂಬುದನ್ನು ಗಮನಿಸಬೇಕು. ಎಂಟನೆಯ ಹೆನ್ರಿಯ ಕಾಲದಲ್ಲಿ, 1538ರಲ್ಲಿ, ಪ್ರತಿಯೊಂದು ಊರಿನ ಚರ್ಚಿನಲ್ಲಿಯೂ ದೀಕ್ಷಾಸ್ನಾನ, ವಿವಾಹ ಹಾಗೂ ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂಬ ಆಜ್ಞೆಯಾಯಿತು. 1598ರಲ್ಲಿ ಹಳೆಯ ಕಾಗದದ ದಾಖಲೆಗಳನ್ನು ಬಾಳಿಕೆ ಬರುವ ಚರ್ಮಪತ್ರಗಳಿಗೆ ನಕಲು ಮಾಡಬೇಕೆಂದು ವಿಧಿಸಲಾಯಿತು. ಶೇಕ್ಸ್‌ಪಿಯರನಿಗೆ 1564ರ ಏಪ್ರಿಲ್ 26ರಂದು ದೀಕ್ಷಾಸ್ನಾನವಾಯಿತೆಂದು ನಮಗೆ ತಿಳಿದಿರುವುದು ಇಂತಹ ಒಂದು ಪುಸ್ತಕದಿಂದಲೇ. ಆತ ಮಹಾಕವಿಯಾಗುವನೆಂದು ಅದನ್ನು ಬರೆದವರಿಗೆ ತಿಳಿದಿರಲಿಲ್ಲ. ಆತನ ಹೆಸರಿನ ಹಿಂದೆ ಮುಂದೆ ಕೂಲಿಕಾರರ, ಕಮ್ಮಾರರ, ಹಸುಗೂಸುಗಳ ಹೆಸರುಗಳೂ ಇವೆ. ಎಸೆಕ್ಸ್ ಪ್ರಾಂತದ ಹಳ್ಳಿಯೊಂದರ ಪಾದ್ರಿ ವಿಲಿಯಂ ಹ್ಯಾರಿಸನ್ 1577ರಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ವರ್ಣನೆಯಲ್ಲಿ ತನ್ನ ಊರಿನ ವೃದ್ಧರು ತಮ್ಮ ಜೀವಿತಕಾಲದಲ್ಲಿ ಕಂಡ ಮೂರು ಬದಲಾವಣೆಗಳನ್ನು ದಾಖಲಿಸಿದ್ದಾನೆ: ಮನೆಗಳಿಗೆ ಹೊಗೆಗೂಡುಗಳು ಬಂದದ್ದು, ಹುಲ್ಲಿನ ಹಾಸು ಹಾಗೂ ಮರದ ತುಂಡಿನ ತಲೆದಿಂಬು ಹೋಗಿ ಮೆತ್ತನೆಯ ಹಾಸಿಗೆ ಬಂದದ್ದು, ಮರದ ತಟ್ಟೆಗಳ ಸ್ಥಾನದಲ್ಲಿ ತವರಮಿಶ್ರಿತ ಲೋಹದ ತಟ್ಟೆಗಳು ಬಂದದ್ದು. ಇತಿಹಾಸವೆಂದರೆ ಇದೂ ಹೌದು ಎಂದು ತಿಳಿದವನು ಮಾತ್ರ ಇದನ್ನು ಬರೆಯಬಲ್ಲ.

ನಮ್ಮಲ್ಲಿ ಇಂತಹ ಪುಸ್ತಕಗಳಿಲ್ಲ. ಹಾಗಾಗಿ ಬೇರೆ ಮೂರು ಬಗೆಯ ಆಕರಗಳನ್ನು ಜೋಡಿಸಿಕೊಳ್ಳಬೇಕಾಗುತ್ತದೆ: ಪ್ರವಾಸಿಗರ ಬರಹ, ಕವಿಗಳ ಕೃತಿ ಹಾಗೂ ಕಲ್ಲಿನ ಶಾಸನ.

ಆ ಕಾಲದ ರಾಜಕೀಯ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ, 1565ರ ಜನವರಿಯಲ್ಲಿ ವಿಜಯನಗರದ ಸೇನೆ ಸೋತು ರಾಜಧಾನಿ ಹಾಳಾಯಿತು. ಅರಸುಮನೆತನವು ಪೆನುಗೊಂಡೆಗೆ ಸರಿಯಿತು. ನಮ್ಮ ಸೀಮೆಯ ಬಂಕಾಪುರವು ಕೆಲವು ವರ್ಷ ತನ್ನ ನಾಯಕನ ಕೈಯಲ್ಲೇ ಉಳಿದು, ದೀರ್ಘವಾದ ಮುತ್ತಿಗೆಯ ಬಳಿಕ 1573-75ರ ಸುಮಾರಿಗೆ ವಿಜಾಪುರದ ಆದಿಲಶಾಹಿಯ ವಶವಾಯಿತು. ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಶಸ್ತಿಯಲ್ಲಿ ಹೆಸರು ಪಡೆದ, ಗಂಗರ ಮಾರಸಿಂಹನು ಸಲ್ಲೇಖನ ವ್ರತದಿಂದ ದೇಹವಿಟ್ಟ ಬಂಕಾಪುರವೇ ಇದು. ಸವಣೂರಿನ ನವಾಬರ ಆಳಿಕೆ ಇನ್ನೂ ಮುಂದಿನ ಶತಮಾನದ ಮಾತು. ಪಶ್ಚಿಮದಲ್ಲಿ ಘಟ್ಟದ ಕೆಳಗೆ ನಗಿರೆಯ ಜೈನ ಅರಸರು, ಮಲೆನಾಡಿನಲ್ಲಿ ಕೆಳದಿಯ ನಾಯಕರು, ಕರಾವಳಿಯ ಬಂದರುಗಳಲ್ಲಿ ಪೋರ್ಚುಗೀಸರು. ಹೀಗೆ ಒಂದೇ ಛತ್ರದ ಕೆಳಗಿದ್ದ ನಾಡು ಹಲವು ಕೈಗಳಿಗೆ ಹಂಚಿಹೋಯಿತು.

ಈ ಹಂಚಿಕೆ ಸಾಮಾನ್ಯರಿಗೆ ಹೇಗೆ ತಟ್ಟಿತೆಂಬುದನ್ನು ವೆನಿಸ್ಸಿನ ವರ್ತಕ ಚೆಸಾರೆ ಫೆದರೀಚಿಯ ಬರಹದಿಂದ ತಿಳಿಯಬಹುದು. ಯುದ್ಧವಾದ ಎರಡು ವರ್ಷಗಳ ನಂತರ, 1567ರಲ್ಲಿ, ಆತ ವಿಜಯನಗರದಲ್ಲಿ ಏಳು ತಿಂಗಳು ಇದ್ದ. ಅಲ್ಲಿಂದ ಗೋವೆಗೆ ಹೊರಟಾಗ ಜುಲೈ ತಿಂಗಳ ಮಳೆಗಾಲ. ಒಂದು ಎತ್ತು ಸವಾರಿಗೆ, ಇನ್ನೊಂದು ಬುತ್ತಿ ಹೊರುವುದಕ್ಕೆ. ಈ ನಾಡಿನಲ್ಲಿ ಎತ್ತುಗಳಿಗೆ ಜೀನು, ಮೂಗುದಾರ ಹಾಕಿ ಸವಾರಿ ಮಾಡುತ್ತಾರೆ, ಅವುಗಳ ನಡಿಗೆ ಹಿತವಾದುದು ಎಂದು ಆತ ಮೆಚ್ಚಿಕೊಂಡಿದ್ದಾನೆ. ಬೇಸಗೆಯಲ್ಲಿ ಎಂಟು ದಿನಗಳಲ್ಲಿ ಮುಗಿಯುವ ಪಯಣ, ಅಂಕೋಲೆಯನ್ನು ಮುಟ್ಟುವುದಕ್ಕೇ ಹದಿನೈದು ದಿನ ಹಿಡಿಯಿತು. ಬುತ್ತಿ ಹೊತ್ತ ಎತ್ತು ಸೊರಗಿ ನಿಂತಿತು. ಮತ್ತೊಂದು ಎತ್ತು ಹೊಳೆಯನ್ನು ಈಜುವಾಗ ನಡುಗಡ್ಡೆಯ ಹಸಿರು ಹುಲ್ಲನ್ನು ಕಂಡು ಅಲ್ಲಿಯೇ ಉಳಿದುಬಿಟ್ಟಿತು. ಹಂಪೆಯಿಂದ ಅಂಕೋಲೆಗೆ ಒಂದು ಗೆರೆ ಎಳೆದರೆ ಅದು ಇಂದಿನ ಹಾವೇರಿ ಜಿಲ್ಲೆಯ ಮೇಲೆ ಹಾದುಹೋಗುತ್ತದೆ. ಆ ಹೊಳೆ ವರದೆಯೋ ಬೇರೆಯೋ, ಆ ಕೆಸರು ನಮ್ಮ ಎರೆನೆಲದ ಕೆಸರೋ ಅಲ್ಲವೋ, ಮಳೆಗಾಲದ ಆ ಪಾಡು ಈ ಭಾಗದ ರೈತರಿಗೆ ಹೊಸದೇನಲ್ಲ.

ಆತ ಹೇಳುವ ಇನ್ನೊಂದು ಸಂಗತಿ ಇತಿಹಾಸಕಾರನಿಗೆ ಹೆಚ್ಚು ಮುಖ್ಯವಾದುದು. ದಾರಿಯುದ್ದಕ್ಕೂ ದಿನಕ್ಕೊಬ್ಬ ಪಾಳೆಯಗಾರನ ಸೀಮೆ. ಪ್ರತಿಯೊಬ್ಬನೂ ಹೆಸರಿಗೆ ವಿಜಯನಗರದ ಅರಸನಿಗೆ ಕಪ್ಪ ಕೊಡುವವನೇ. ಆದರೆ ಪ್ರತಿಯೊಬ್ಬನೂ ತನ್ನದೇ ತಾಮ್ರದ ನಾಣ್ಯವನ್ನು ಟಂಕಿಸುತ್ತಿದ್ದ. ಇಂದು ಪಡೆದ ದುಡ್ಡು ನಾಳೆಯ ಊರಿನಲ್ಲಿ ನಡೆಯುತ್ತಿರಲಿಲ್ಲ. ಪ್ರತಿದಿನ ಪಯಣಿಗರನ್ನು ತಡೆದು ಹಣ ವಸೂಲು ಮಾಡಿಯೇ ಮುಂದೆ ಬಿಡುತ್ತಿದ್ದರು. ಸಾಮ್ರಾಜ್ಯದ ಪತನವೆಂಬ ದೊಡ್ಡ ಮಾತು ಸಂತೆಗೆ ಹೋಗುವವನ ಗಂಟಿನಲ್ಲಿ ಯಾವ ರೂಪ ತಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಈ ಬರಹವು 1588ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿಗೆ ಅನುವಾದಗೊಂಡು ಅಚ್ಚಾಯಿತು. ಎಲಿಜಬೆತ್ ರಾಣಿಯ ಪ್ರಜೆಗಳು ನಮ್ಮ ನಾಡಿನ ಮಳೆಗಾಲದ ದಾರಿಯ ವರ್ಣನೆಯನ್ನು ಅಂದೇ ಓದಬಹುದಾಗಿತ್ತು. ನಮ್ಮವರಿಗೆ ಇಂಗ್ಲೆಂಡೆಂಬ ನಾಡಿನ ಹೆಸರೂ ಬಹುಶಃ ತಿಳಿದಿರಲಿಲ್ಲ.

ಬರಿಯ ಓದಿನಿಂದ ತೃಪ್ತರಾಗದೆ ಬಂದವರೂ ಇದ್ದರು. 1583ರಲ್ಲಿ ಲಂಡನ್ನಿನ ವರ್ತಕರ ತಂಡವೊಂದು ಎಲಿಜಬೆತ್ ರಾಣಿಯು ಅಕ್ಬರನಿಗೆ ಬರೆದ ಪತ್ರದೊಂದಿಗೆ ‘ಟೈಗರ್’ ಎಂಬ ಹಡಗನ್ನು ಏರಿತು. ಅವರಲ್ಲಿ ರಾಲ್ಫ್ ಫಿಚ್ ಒಬ್ಬ. ಹೊರ್ಮುಜಿನಲ್ಲಿ ಪೋರ್ಚುಗೀಸರು ಅವರನ್ನು ಸೆರೆಹಿಡಿದು ಗೋವೆಗೆ ತಂದರು. ಬಿಡುಗಡೆಯಾದ ಮೇಲೆ, 1584ರಲ್ಲಿ, ಫಿಚ್ ತನ್ನ ಸಂಗಡಿಗರೊಡನೆ ಗೋವೆಯಿಂದ ತಪ್ಪಿಸಿಕೊಂಡು ಮೊದಲು ಸೇರಿದ ಊರು ನಮ್ಮ ಬೆಳಗಾವಿ. ಅಲ್ಲಿ ವಜ್ರ, ಮಾಣಿಕ್ಯ, ನೀಲಗಳ ದೊಡ್ಡ ಪೇಟೆಯಿತ್ತೆಂದು ಆತ ಬರೆದಿದ್ದಾನೆ. ಅಲ್ಲಿಂದ ವಿಜಾಪುರ: ಎತ್ತರವಾದ ಅಂದದ ಕಲ್ಲಿನ ಮನೆಗಳು, ಯುದ್ಧದ ಆನೆಗಳು, ಬೆಳ್ಳಿಬಂಗಾರದ ಸಮೃದ್ಧಿ, ತೋಪುಗಳಲ್ಲಿ ದೇವರ ಮೂರ್ತಿಗಳು. ಮೂರ್ತಿಗಳ ವಿಷಯದಲ್ಲಿ ಆತನ ಮಾತು ಅಜ್ಞಾನದ ತಿರಸ್ಕಾರದಿಂದ ಕೂಡಿದೆ. ಆದರೆ ವಿಜಾಪುರದ ಸುಲ್ತಾನನ ಆಸ್ಥಾನದಲ್ಲಿ ಹಿಂದೂಗಳು ಬಹಳ ಮಂದಿ ಇದ್ದರೆಂಬ ಆತನ ಹೇಳಿಕೆ ಅಂದಿನ ಸಮಾಜವನ್ನು ತಿಳಿಯುವುದಕ್ಕೆ ಬೆಲೆಯುಳ್ಳದ್ದು.

ಇನ್ನು ಊಟದ ಮಾತಿಗೆ ಬರೋಣ. ಎಲಿಜಬೆತ್ ಕಾಲದ ಇಂಗ್ಲೆಂಡಿನಲ್ಲಿ ಮನುಷ್ಯನ ಅಂತಸ್ತನ್ನು ಆತನ ರೊಟ್ಟಿಯ ಬಣ್ಣವೇ ಹೇಳುತ್ತಿತ್ತು. ಜರಡಿ ಹಿಡಿದ ಗೋಧಿಹಿಟ್ಟಿನ ಬಿಳಿಯ ರೊಟ್ಟಿ ಸಿರಿವಂತನಿಗೆ. ರೈ, ಬಾರ್ಲಿಗಳ ಕಪ್ಪು ರೊಟ್ಟಿ ಬಡವನಿಗೆ. ಬರ ಬಂದಾಗ ಅವರೆ, ಬಟಾಣಿ, ಓಟ್ಸ್‌ಗಳನ್ನು ಬೆರೆಸಿದ ಹಿಟ್ಟೇ ಗತಿಯೆಂದು ಹ್ಯಾರಿಸನ್ ಬರೆಯುತ್ತಾನೆ. 1594ರಿಂದ 1597ರವರೆಗೆ ಸತತವಾಗಿ ಬೆಳೆ ಕೆಟ್ಟಾಗ ಆ ನಾಡಿನ ಬಡವರು ಹಸಿವಿನಿಂದ ಸತ್ತರು.

ಇದೇ ಅಂತರವನ್ನು ನಮ್ಮ ಸೀಮೆಯವರೇ ಆದ ಕನಕದಾಸರು ಕಂಡಿದ್ದರು. ಅವರು ಹುಟ್ಟಿದ ಬಾಡ ಶಿಗ್ಗಾಂವಿ ತಾಲ್ಲೂಕಿನ ಊರು. ಅವರ ಆರಾಧ್ಯದೈವ ನೆಲೆಸಿದ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನದು. ಹದಿನಾರನೆಯ ಶತಮಾನದ ಈ ಸಂತಕವಿಯ ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತಕ್ಕೂ ನರೆದಲಗವೆಂಬ ರಾಗಿಗೂ ತಮ್ಮಲ್ಲಿ ಹೆಚ್ಚಿನವರಾರೆಂದು ವಾದವಾಗುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಕಡೆಗೆ ಕೆಡದೆ ಉಳಿದ ರಾಗಿಗೆ ತನ್ನ ಹೆಸರನ್ನೇ ಕೊಟ್ಟು ಗೌರವಿಸುತ್ತಾನೆ. ಇದನ್ನು ಬರಿಯ ರೂಪಕವೆಂದು ಓದುವವರು ಒಂದು ವಾಸ್ತವವನ್ನು ಮರೆಯುತ್ತಾರೆ. ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಕೆಡದಂತೆ ಇಡಬಹುದು. ಮಳೆಯನ್ನೇ ನಂಬಿದ ಸೀಮೆಯಲ್ಲಿ ಬರವನ್ನು ದಾಟಿಸುವುದು ಅಂತಹ ಧಾನ್ಯವೇ. ಲಂಡನ್ನಿನಲ್ಲಿ ಕಪ್ಪು ರೊಟ್ಟಿ ತಿನ್ನುವವನಿಗೆ ಇಂತಹ ವಕೀಲನೊಬ್ಬ ಕಾವ್ಯದಲ್ಲಿ ದೊರೆತನೆಂದು ನಾನು ಕಂಡಿಲ್ಲ.

ಅಂದಿನ ನಮ್ಮ ಹೊಲವನ್ನು ಕಲ್ಪಿಸಿಕೊಳ್ಳುವಾಗ ಒಂದು ಎಚ್ಚರ ಅವಶ್ಯಕ. ಇಂದು ಯಲವಿಗಿಯ ಸುತ್ತಮುತ್ತ ಕಾಣುವ ಗೋವಿನಜೋಳ, ಶೇಂಗಾ, ಮೆಣಸಿನಕಾಯಿಗಳು ಮೂಲತಃ ಅಮೆರಿಕ ಖಂಡದವು. ಪೋರ್ಚುಗೀಸರ ಹಡಗುಗಳು ಈ ಕಡೆಯ ಸಮುದ್ರಕ್ಕೆ ಬಂದ ಮೇಲೆ ನಮ್ಮ ನೆಲವನ್ನು ಸೇರಿದವು. ಬ್ಯಾಡಗಿಯ ಹೆಸರನ್ನು ಲೋಕಕ್ಕೆ ಸಾರಿದ ಮೆಣಸಿನಕಾಯಿಯು ಮೆಣಸಿನಿಂದಲೇ ತನ್ನ ಹೆಸರನ್ನು ಎರವಲು ಪಡೆದಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಜೈನಕವಿ ಮೂರನೆಯ ಮಂಗರಸನು ಬರೆದ ‘ಸೂಪಶಾಸ್ತ್ರ’ದಲ್ಲಿ ಹಿಟ್ಟಿನ ತಿನಿಸು, ಪಾನಕ, ಅನ್ನ, ಕಾಯಿಪಲ್ಯಗಳ ವಿವರಗಳಿವೆ, ಆ ಅಡುಗೆಯ ಖಾರವೆಲ್ಲ ಮೆಣಸು, ಶುಂಠಿಗಳಂತಹ ಹಳೆಯ ಪದಾರ್ಥಗಳದು. ಅಂದಿನ ನಮ್ಮ ಎರೆನೆಲದಲ್ಲಿ ಜೋಳ, ನವಣೆ, ಸಾವೆ, ಹತ್ತಿ, ಕಡಲೆಗಳೇ ಪ್ರಧಾನವಾಗಿದ್ದವೆಂದು ಭಾವಿಸಬಹುದು.

ಉಪವಾಸದಲ್ಲಿಯೂ ಎರಡು ನಾಡುಗಳ ಭೇದ ಸ್ವಾರಸ್ಯಕರವಾಗಿದೆ. ಇಂಗ್ಲೆಂಡಿನಲ್ಲಿ ವಾರದ ಕೆಲವು ದಿನ ಮಾಂಸವನ್ನು ಬಿಟ್ಟು ಮೀನು ತಿನ್ನಬೇಕೆಂಬ ನಿಯಮವಿತ್ತು. 1563ರಲ್ಲಿ ಆ ದಿನಗಳಿಗೆ ಬುಧವಾರವೂ ಸೇರಿತು. ಮೀನುಗಾರರ ಸಂಖ್ಯೆ ಹೆಚ್ಚಲಿ, ನೌಕಾಪಡೆಗೆ ನಾವಿಕರು ದೊರೆಯಲಿ ಎಂಬುದು ಅದರ ಬಹಿರಂಗ ಉದ್ದೇಶ, ಮುರಿದವರಿಗೆ ದಂಡ. ನಮ್ಮಲ್ಲಿ ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸವನ್ನು ಆಚರಿಸುವ ಶ್ರಾವಕನಿಗೆ ಯಾವ ಅರಸನ ಆಜ್ಞೆಯೂ ಇರಲಿಲ್ಲ. ಒಂದು ಕಡೆ ನಿಯಮವು ರಾಜ್ಯದ ಹಿತಕ್ಕಾಗಿ, ಇನ್ನೊಂದು ಕಡೆ ಆತ್ಮದ ಹಿತಕ್ಕಾಗಿ.

ಉಡುಪಿಗೂ ಅಲ್ಲಿ ಶಾಸನವಿತ್ತು. ಯಾವ ದರ್ಜೆಯವರು ರೇಷ್ಮೆ, ಮಖಮಲ್ಲುಗಳನ್ನು ಧರಿಸಬಹುದೆಂದು ರಾಣಿಯ ಘೋಷಣೆಗಳು ನಿರ್ಧರಿಸುತ್ತಿದ್ದವು. 1571ರ ಕಾನೂನಿನಂತೆ ಆರು ವರ್ಷ ಮೀರಿದ ಸಾಮಾನ್ಯರು ಭಾನುವಾರ ಹಾಗೂ ಹಬ್ಬದ ದಿನಗಳಲ್ಲಿ ಇಂಗ್ಲೆಂಡಿನಲ್ಲೇ ತಯಾರಾದ ಉಣ್ಣೆಯ ಟೊಪ್ಪಿಗೆಯನ್ನು ಹಾಕಲೇಬೇಕಾಗಿತ್ತು. ಭಾನುವಾರ ಚರ್ಚಿಗೆ ಬಾರದವನು ದಂಡ ತೆರಬೇಕಾಗಿತ್ತು. ನಮ್ಮಲ್ಲಿ ಇಂತಹ ಕಾನೂನಿನ ಪುಸ್ತಕಗಳಿರಲಿಲ್ಲವೆಂದು ಹಿಗ್ಗುವ ಹಾಗೂ ಇಲ್ಲ. ಯಾರು ಏನನ್ನು ಉಡಬೇಕು, ಯಾವ ಕಸುಬನ್ನು ಮಾಡಬೇಕು ಎಂಬುದನ್ನು ಹುಟ್ಟೇ ನಿರ್ಧರಿಸುತ್ತಿತ್ತು. ಇಂಗ್ಲೆಂಡಿನಲ್ಲಿ 1563ರ ಕಾನೂನಿನಂತೆ ಏಳು ವರ್ಷ ಶಿಷ್ಯವೃತ್ತಿ ಮಾಡಿದವನು ಕಸುಬುದಾರನಾಗುತ್ತಿದ್ದ. ಇಲ್ಲಿ ತಂದೆಯ ಕಸುಬೇ ಮಗನಿಗೆ.

ಹೆಣ್ಣುಮಕ್ಕಳ ಪಾಡನ್ನು ನೋಡಿದರೆ ಎರಡೂ ಕಡೆ ಬೆಳಕಿನ ಬಳಿಯಲ್ಲೇ ನೆರಳೂ ಕಾಣುತ್ತದೆ. ಒಬ್ಬ ರಾಣಿ ಇಂಗ್ಲೆಂಡನ್ನು ಆಳುತ್ತಿದ್ದ ಆ ಹೊತ್ತಿನಲ್ಲೇ ಗೇರುಸೊಪ್ಪೆಯ ನಗಿರೆ ರಾಜ್ಯವನ್ನು ಜೈನ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಎಲಿಜಬೆತ್ತಳಿಗಿಂತ ಹೆಚ್ಚು ಕಾಲ ಆಳಿದಳು. ಉಳ್ಳಾಲದಲ್ಲಿ ಚೌಟ ಮನೆತನದ ಅಬ್ಬಕ್ಕ ಪೋರ್ಚುಗೀಸರನ್ನು ಎದುರಿಸಿದಳು. ವಿಜಾಪುರದಲ್ಲಿ ಬಾಲಕ ಇಬ್ರಾಹಿಂನ ಪರವಾಗಿ ಚಾಂದ್ ಬೀಬಿ ರಾಜ್ಯದ ಹೊಣೆ ಹೊತ್ತಳು. ಆದರೆ ಅದೇ ಇಂಗ್ಲೆಂಡಿನಲ್ಲಿ 1563ರ ಕಾನೂನಿನ ಮೇರೆಗೆ ಮಾಟಗಾತಿಯರೆಂಬ ಆರೋಪದಿಂದ ಬಡ ಮುದುಕಿಯರು ಗಲ್ಲಿಗೇರಿದರು. ಅದೇ ವಿಜಯನಗರದಲ್ಲಿ ವಿಧವೆಯರು ಚಿತೆಯೇರುವುದನ್ನು ಫೆದರೀಚಿ ಕಣ್ಣಾರೆ ಕಂಡು ವಿವರವಾಗಿ ಬರೆದ. ಸಿಂಹಾಸನದ ಮೇಲೊಬ್ಬ ಹೆಣ್ಣು ಕುಳಿತ ಮಾತ್ರಕ್ಕೆ ಮನೆಯೊಳಗಿನ ಹೆಣ್ಣಿನ ಬಾಳು ಹಸನಾಗಲಿಲ್ಲ.

ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಘಟ್ಟದ ಕಾಳುಮೆಣಸು ಆಕೆಯ ಸೀಮೆಯಿಂದ ಬಂದರುಗಳಿಗೆ ಇಳಿದು, ಅಲ್ಲಿಂದ ಸಮುದ್ರ ದಾಟಿ ಯುರೋಪಿನ ಅಡುಗೆಮನೆಗಳನ್ನು ಸೇರುತ್ತಿತ್ತು. ಲಂಡನ್ನಿನ ಸಿರಿವಂತನ ಊಟದಲ್ಲಿದ್ದ ಒಂದು ಚಿಟಿಕೆ ಮೆಣಸಿನ ಹಿಂದೆ ಶರಾವತಿಯ ದಂಡೆಯ ಬಳ್ಳಿ ಕೊಯ್ಯುವವನ ದುಡಿಮೆಯೂ ಇದ್ದಿರಬಹುದು. ಈ ವ್ಯಾಪಾರದಲ್ಲಿ ಪಾಲು ಬೇಕೆಂಬ ಆಸೆಯಿಂದಲೇ 1600ರ ಡಿಸೆಂಬರ್ 31ರಂದು ಎಲಿಜಬೆತ್ ರಾಣಿ ಈಸ್ಟ್ ಇಂಡಿಯಾ ಕಂಪನಿಗೆ ಸನದು ನೀಡಿದಳು. ಮೆಣಸಿನ ರಾಣಿಯು ಕೆಳದಿಯ ಹಿರಿಯ ವೆಂಕಟಪ್ಪನಾಯಕನಿಗೆ ಸೋತು ಸೆರೆಯಾದಳು. ಗೇರುಸೊಪ್ಪೆಯ ಕಾಡಿನ ನಡುವೆ ನಿಂತಿರುವ ಚತುರ್ಮುಖ ಬಸದಿಯೇ ಇಂದು ಆ ವೈಭವದ ಸಾಕ್ಷಿ.

ಬಡವರ ಪೋಷಣೆಗೆ ಇಂಗ್ಲೆಂಡು 1601ರಲ್ಲಿ ಕಾನೂನು ಮಾಡಿತು. ಪ್ರತಿ ಊರಿನವರೂ ತೆರಿಗೆ ತೆತ್ತು ತಮ್ಮ ಊರಿನ ದುರ್ಬಲರನ್ನು ಸಲಹಬೇಕು. ನಮ್ಮಲ್ಲಿ ಆ ಕೆಲಸವನ್ನು ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಪರಂಪರೆ ನಡೆಸಿಕೊಂಡು ಬಂದಿತ್ತು. ದಾನದಲ್ಲಿ ಹೃದಯವಿದೆ, ಕಾನೂನಿನಲ್ಲಿ ಖಾತರಿಯಿದೆ. ದಾನಿಯಿಲ್ಲದ ಊರಿನ ಬಡವನನ್ನು ನೆನೆದರೆ ಖಾತರಿಯ ಬೆಲೆ ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ ಅಲೆಮಾರಿಗಳಿಗೆ ಬೀಳುತ್ತಿದ್ದ ಚಾವಟಿಯ ಏಟುಗಳನ್ನು ನೆನೆದರೆ ಹೃದಯದ ಬೆಲೆ ತಿಳಿಯುತ್ತದೆ.

ಈಗ ಕತ್ತಲೆಯ ಕಾಲವೆಂಬ ಮಾತಿಗೆ ಮರಳೋಣ. ಎಲಿಜಬೆತ್ ಪಟ್ಟಕ್ಕೆ ಬಂದ ಸುಮಾರಿನಲ್ಲಿ ಮೂಡಬಿದಿರೆಯ ರತ್ನಾಕರವರ್ಣಿ ಸಾಮಾನ್ಯರೂ ಹಾಡಬಲ್ಲ ಸಾಂಗತ್ಯದಲ್ಲಿ ‘ಭರತೇಶ ವೈಭವ’ವನ್ನು ರಚಿಸಿದ. ಚಕ್ರವರ್ತಿಯ ಕಥೆಯೆಂಬ ನೆವದಲ್ಲಿ ಊಟ, ಉಡುಗೆ, ಸಂಗೀತ, ಗಂಡಹೆಂಡಿರ ಸರಸದ ಮಾತುಗಳೆಲ್ಲ ಅಲ್ಲಿ ಹರಡಿವೆ. 1586ರಲ್ಲಿ ಕಾರ್ಕಳದ ಇಮ್ಮಡಿ ಭೈರರಸ ಚತುರ್ಮುಖ ಬಸದಿಯನ್ನು ಕಟ್ಟಿಸಿದ; ಅದರ ಶಾಸನದಲ್ಲಿ ಅರಸನ ಬಿರುದುಗಳ ಜೊತೆಗೆ ಪೂಜೆಗೆ ನೇಮಕಗೊಂಡ ಸ್ಥಾನಿಕ ಕುಟುಂಬಗಳ, ಬಿಟ್ಟುಕೊಟ್ಟ ಭೂಮಿಯ ಹುಟ್ಟುವಳಿಯ ವಿವರಗಳಿವೆ. 1604ರಲ್ಲಿ ವೇಣೂರಿನಲ್ಲಿ ಬಾಹುಬಲಿಯ ಮೂರ್ತಿ ಎದ್ದು ನಿಂತಿತು. ಅದೇ 1604ರಲ್ಲಿ ಭಟ್ಟಾಕಳಂಕ ದೇವರು 592 ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಪೂರೈಸಿ, ಕನ್ನಡವು ಶಾಸ್ತ್ರಕ್ಕೆ ಅರ್ಹವಾದ ನುಡಿಯೆಂದು ವಾದಿಸಿ ಸ್ಥಾಪಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ರಾಬರ್ಟ್ ಕಾಡ್ರಿಯು ಸುಮಾರು 2,500 ಕಠಿಣ ಪದಗಳಿಗೆ ಅರ್ಥ ನೀಡಿದ ಮೊದಲ ಇಂಗ್ಲಿಷ್ ನಿಘಂಟನ್ನು ಅಚ್ಚುಮಾಡಿಸಿದ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಇಬ್ಬರು ತಮ್ಮ ತಮ್ಮ ನುಡಿಗಳಿಗೆ ಮಾಡಿದ ಸೇವೆ ಒಂದೇ. ರಾಜಧಾನಿ ಬಿದ್ದು ನಾಲ್ಕು ದಶಕ ಕಳೆದ ಮೇಲೂ ಇಷ್ಟನ್ನು ಮಾಡಿದ ಸಮಾಜವನ್ನು ಕತ್ತಲೆಯಲ್ಲಿತ್ತು ಎನ್ನುವುದು ಸರಿಯಲ್ಲ. ಕತ್ತಲೆ ಇರುವುದು ನಮ್ಮ ಅರಿವಿನಲ್ಲಿ.

ಆ ಅರಿವಿನ ಕೊರತೆ ತುಂಬುವ ಬಗೆ ಯಾವುದು? ಇಂಗ್ಲೆಂಡಿನವರು ಚರ್ಮಪತ್ರದಲ್ಲಿ ಬರೆದದ್ದನ್ನು ನಮ್ಮ ಹಿರಿಯರು ಕಲ್ಲಿನಲ್ಲಿ ಬರೆದರು. ಊರಿನ ದನಗಳನ್ನು ಬಿಡಿಸಿ ತರಲು ಹೋಗಿ ಮಡಿದವನಿಗೆ ವೀರಗಲ್ಲು, ಚಿತೆಯೇರಿದವಳಿಗೆ ಮಾಸ್ತಿಕಲ್ಲು, ಸಮಾಧಿಮರಣವನ್ನು ಹೊಂದಿದ ಶ್ರಾವಕ-ಶ್ರಾವಿಕೆಯರಿಗೆ ನಿಷಿಧಿಗಲ್ಲು. ಅರಸನಲ್ಲದವನ ಹೆಸರು, ಆತನ ಗುರುವಿನ ಹೆಸರು, ತೀರಿಹೋದ ತಿಥಿ ಇವುಗಳನ್ನು ಹೊತ್ತ ಈ ಕಲ್ಲುಗಳು ಹಾವೇರಿ ಜಿಲ್ಲೆಯಲ್ಲಿ ಹೇರಳವಾಗಿವೆ. ಅವುಗಳಲ್ಲಿ ಹೆಚ್ಚಿನವು ಎಲಿಜಬೆತ್ ಕಾಲಕ್ಕಿಂತ ಹಲವು ಶತಮಾನ ಹಿಂದಿನವು. ಫ್ಲೀಟರ ಕಾಲದಿಂದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯವರೆಗೆ ವಿದ್ವಾಂಸರು ಈ ಭಾಗದ ಶಾಸನಗಳನ್ನು ಓದಿ ಪ್ರಕಟಿಸಿದ್ದಾರೆ. ಆದರೂ ಹಳ್ಳಿಗಳಲ್ಲಿ ಕಟ್ಟೆಯ ಹಾಸುಗಲ್ಲಾಗಿ, ಬಟ್ಟೆ ಒಗೆಯುವ ಬಂಡೆಯಾಗಿ ಸವೆಯುತ್ತಿರುವ ಕಲ್ಲುಗಳು ಇನ್ನೂ ಇವೆ. ಹೊಸ ರಸ್ತೆ, ಹೊಸ ಗುಡಿಗಳ ಕೆಲಸ ನಡೆದಾಗ ಒಂದೊಂದಾಗಿ ಕಾಣೆಯಾಗುತ್ತವೆ.

ಕಲ್ಲುಗಳ ಜೊತೆಗೆ ಮನೆಗಳ ಅಟ್ಟದ ಮೇಲಿನ ಓಲೆಗರಿ, ಕಡತ, ಬಹಿಗಳೂ ಇವೆ. ಧಾನ್ಯದ ಲೆಕ್ಕ, ಸಾಲದ ಪತ್ರ, ಮದುವೆಯ ಖರ್ಚುಗಳ ಪಟ್ಟಿ ಯಾರಿಗೂ ಬೇಡವೆಂದು ಒಲೆಗೆ ಸೇರುತ್ತವೆ. ಹ್ಯಾರಿಸನ್ ಇಂಗ್ಲೆಂಡಿನ ಹಳ್ಳಿಯ ವೃದ್ಧರ ಮಾತನ್ನು ಕೇಳಿ ಬರೆದದ್ದು ಹಾಸಿಗೆ, ತಟ್ಟೆ, ಹೊಗೆಗೂಡುಗಳ ಬಗೆಗಾದರೂ, ನಾಲ್ಕೂವರೆ ಶತಮಾನಗಳ ಬಳಿಕವೂ ನಾವು ಅದನ್ನು ಓದುತ್ತಿದ್ದೇವೆ. ನಮ್ಮ ಊರಿನ ಹಿರಿಯರನ್ನು ಕೇಳಿ, ಹಗೇವು ಯಾವಾಗ ಮುಚ್ಚಿತು, ನವಣೆ ಯಾವಾಗ ಹೋಯಿತು, ಎತ್ತಿನ ಬಂಡಿಯಲ್ಲಿ ಯಾವ ಸಂತೆಗೆ ಯಾವ ದಾರಿಯಿಂದ ಹೋಗುತ್ತಿದ್ದರು ಎಂದು ಒಬ್ಬೊಬ್ಬರು ಒಂದೊಂದು ಪುಟ ಬರೆದಿಟ್ಟರೂ ಸಾಕು. ಮುಂದೆ ನಮ್ಮ ಕಾಲದ ಜನಜೀವನವನ್ನು ಅರಿಯಬೇಕೆಂದು ಬರುವ ಮೊಮ್ಮಕ್ಕಳು ದೂರದ ವೆನಿಸ್ಸಿನವನ ಪುಸ್ತಕವನ್ನು ಹುಡುಕಿಕೊಂಡು ಹೋಗಬೇಕಾದ ಪ್ರಸಂಗ ಒದಗದಿರಲಿ.